ಗರಗಸ ಹಲ್ಲಿನ ಛಾವಣಿ

ದಾವಣಗೆರೆಯ ಹಳೇ ಊರಿನಲ್ಲಿ ಹಗೇದಿಬ್ಬ ಅಂತ ಒಂದು ಸರ್ಕಲ್ ಇದೆ. ಆಟೊದವರಿಗೆ ಅದು ಬರೀ ಒಂದು ಸ್ಟಾಪು. ಹಗೇವು ಕಂಡವರು ಈಗ ಕಡಿಮೆ. ನೆಲದೊಳಗೆ ತೋಡಿದ ಕಾಳಿನ ಗುಂಡಿ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಹೊದಿಸಿ, ಜೋಳವನ್ನೋ ರಾಗಿಯನ್ನೋ ತುಂಬಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಆದರೆ ತೆರೆದ ಕೂಡಲೇ ಇಳಿಯುವ ಹಾಗಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಉಸಿರು ನಿಲ್ಲಿಸುತ್ತದೆ. ಬಾಯಿ ತೆರೆದಿಟ್ಟು, ಗಾಳಿ ಆಡಿದ ಮೇಲೇ ಇಳಿಯಬೇಕು. ಗಣಿಗೆ ಇಳಿಯುವವರಿಗೂ ಇದೇ ಅಂಜಿಕೆ.

ನೆಲ ತೋಡುವ ವಿಷಯದಲ್ಲಿ ದಾವಣಗೆರೆ ಪೇಟೆಯ ಅನುಭವ ಹೆಚ್ಚುಕಡಿಮೆ ಅಷ್ಟೇ. ಗಣಿ ಎಂದರೆ ಇಲ್ಲಿನವರು ಬೇರೆ ದಿಕ್ಕಿಗೆ ಕೈ ತೋರಿಸುತ್ತಾರೆ: ಮ್ಯಾಂಗನೀಸು, ಕಬ್ಬಿಣಕ್ಕೆ ಸಂಡೂರು, ತಾಮ್ರಕ್ಕೆ ಚಿತ್ರದುರ್ಗದ ಇಂಗಳದಾಳು, ಚಿನ್ನಕ್ಕೆ ಕೆಜಿಎಫ್. ಜಿಲ್ಲೆಯೊಳಗೇ ಹೊನ್ನಾಳಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿ ಕಡೆ ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕಾಗಿ ಅಗೆದದ್ದುಂಟು, ಅದು ಬಹಳ ದಿನ ನಡೆಯಲಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. 2001ರ ಫೆಬ್ರವರಿ 28ರಂದು ಅಲ್ಲಿ ಬಾಗಿಲು ಹಾಕಿದರೂ ಊರು ಗಣಿಯನ್ನು ಮರೆಯುವ ಹಾಗಿಲ್ಲ. ಸೈನೈಡ್ ದಿಬ್ಬಗಳು ಊರ ಮಧ್ಯೆಯೇ ನಿಂತಿವೆ, ಗಾಳಿ ಬೀಸಿದರೆ ಅವುಗಳ ಪುಡಿ ಮನೆಯೊಳಗೆ ಬರುತ್ತದೆ.

ಹತ್ತಿ ಮಿಲ್ಲು ಹಾಗೆ ದಿಬ್ಬ ಬಿಟ್ಟು ಹೋಗುವುದಿಲ್ಲ. ಮಿಷನ್ನು ಗುಜರಿಗೆ, ಛಾವಣಿಯ ಶೀಟು ಹರಾಜಿಗೆ, ಜಾಗ ಸೈಟಿಗೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಈಗ ಹೊರಗಿನವರಿಗೆ ಬೆಣ್ಣೆದೋಸೆ ಊರು. ದೋಸೆಯ ಚರಿತ್ರೆ ಊರಿಗೆ ಬಾಯಿಪಾಠ: 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ, ನಾಟಕದ ಥಿಯೇಟರಿನ ಬಳಿ ಹೂಡಿದ ಒಲೆ, ಮೊದಲು ರಾಗಿ ದೋಸೆ, ಆಮೇಲೆ ಅಕ್ಕಿಯದು. ನೂಲಿನ ಚರಿತ್ರೆ ಹೇಳಿ ಎಂದರೆ ಎರಡು ಮಿಲ್ಲಿನ ಹೆಸರಿಗೇ ಮಾತು ನಿಲ್ಲುತ್ತದೆ.

ಊರು ಶುರುವಾಗಿದ್ದೇ ವ್ಯಾಪಾರದಿಂದ. ಬೇತೂರಿನ ಪಕ್ಕದ ಚಿಕ್ಕ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿ ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದವನು ಅವನೇ. ಮುಂದೆ ಮಲೆನಾಡಿನ ಅಡಿಕೆ, ಮೆಣಸು ಎತ್ತಿನ ಮೇಲೆ ಇಲ್ಲಿಗೆ ಇಳಿದು, ಇಲ್ಲಿಂದ ಅತ್ತ ಆರ್ಕಾಟು ಸೀಮೆಯ ವಾಲಾಜಾಪೇಟೆಯವರೆಗೂ ಹೋಗುತ್ತಿತ್ತು. ವ್ಯಾಪಾರ ಬಹುಪಾಲು ಲಿಂಗಾಯತ ವರ್ತಕರ ಕೈಯಲ್ಲಿತ್ತು. ಕುರುಬರು ನೇಯ್ದ ಕಂಬಳಿಗೂ ಈ ಪೇಟೆ ಹೆಸರುವಾಸಿ. ಚೌಕಿಪೇಟೆ, ಮಂಡಿಪೇಟೆ ಎಂಬ ಹೆಸರುಗಳಲ್ಲಿ ಆ ಸಂತೆಯ ಗದ್ದಲ ಇನ್ನೂ ಇದೆ.

ಪಕ್ಕದ ಹರಿಹರದ ಭಾಗ್ಯ ಬೇರೆ ಬಗೆಯದು. ಹೊಯ್ಸಳರ ದಂಡನಾಯಕ ಪೋಲಾಳ್ವ ಹದಿಮೂರನೆಯ ಶತಮಾನದಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದಾಗಿನಿಂದ ಅದು ಕ್ಷೇತ್ರ. ಆದರೆ ಆಧುನಿಕ ಕಾಲಕ್ಕೆ ಅದು ಮುಖ್ಯವಾಗಿ ಗಡಿ. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ; 1956ರವರೆಗೂ ಹಾಗೇ ಇತ್ತು. 1868ರಲ್ಲಿ ತುಂಗಭದ್ರೆಗೆ 14 ಕಮಾನುಗಳ ಸೇತುವೆ ಬಂತು. 1880ರ ದಶಕದ ಕೊನೆಗೆ ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ರೈಲು ದಾವಣಗೆರೆಯನ್ನು ಹಾದು ಹರಿಹರ ಮುಟ್ಟಿತು. ಸೇತುವೆಯೂ ರೈಲೂ ಬಂದಮೇಲೆ ಸುತ್ತಲ ಎರೆ ಹೊಲಗಳ ಹತ್ತಿಗೆ ದಾರಿ ಸಿಕ್ಕಿತು.

ಹೊಲದಿಂದ ಬಂದ ಹತ್ತಿ ನೇರ ನೂಲಾಗುವುದಿಲ್ಲ. ಬೀಜ ಬಿಡಿಸಬೇಕು. ಬಿಡಿಸಿದರೆ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಅರಳೆ, ಉಳಿದದ್ದು ಹತ್ತಿಕಾಳು. ಕಾಳು ದನಕ್ಕೆ ಮತ್ತು ಗಾಣಕ್ಕೆ, ಅರಳೆ ದೂರದ ಮಿಲ್ಲಿಗೆ. ಬಿಡಿ ಅರಳೆಯನ್ನು ರೈಲಿಗೆ ತುಂಬಿದರೆ ಗಾಳಿಗೇ ಬಾಡಿಗೆ ಕೊಟ್ಟ ಹಾಗೆ. ಆದ್ದರಿಂದ ಜಿನ್ನಿಂಗ್ ಫ್ಯಾಕ್ಟರಿಯ ಬೆನ್ನಿಗೇ ಪ್ರೆಸ್ಸು ಬರುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ಪಟ್ಟಿ ಬಿಗಿದರೆ ಅಂಡಿಗೆ ಕಲ್ಲಿನಂತೆ ಗಟ್ಟಿ. ದಲಾಲಿ ಅಂಗಡಿ, ಜಿನ್ನು, ಪ್ರೆಸ್ಸು, ರೈಲು: ಇಷ್ಟು ಕಲಿತ ವರ್ತಕರಿಗೆ ಮುಂದಿನ ಲೆಕ್ಕ ಹೊಳೆಯುವುದು ತಡವಾಗಲಿಲ್ಲ. ಅರಳೆ ಮಾರಿ ಬಟ್ಟೆ ಕೊಳ್ಳುವುದಕ್ಕಿಂತ ಇಲ್ಲೇ ಏಕೆ ನೂಲಬಾರದು?

1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಎದ್ದಿತು. ಅದರ ಹಿಂದೆ ಒಂದೊಂದಾಗಿ ಬೇರೆಯವೂ ಬಂದವು: ಚಂದ್ರೋದಯ, ಆಂಜನೇಯ, ಗಣೇಶರ್, ಶಂಕರ್. ಊರಾಚೆ ತೋಳಹುಣಸೆಯಲ್ಲಿ ಯಲ್ಲಮ್ಮ ಕಾಟನ್, ವುಲನ್ ಅಂಡ್ ಸಿಲ್ಕ್ ಮಿಲ್ಸ್. ಅದರ ಸುತ್ತ ಕಟ್ಟಿದ ಬಡಾವಣೆಗೆ ಯಲ್ಲಮ್ಮನಗರ ಅಂತಲೇ ಹೆಸರಾಯಿತು. ಇಲ್ಲೊಂದು ಮಾತಿನ ಸೂಕ್ಷ್ಮವಿದೆ. ಹುಬ್ಬಳ್ಳಿ, ಗೋಕಾಕ ಕಡೆ ಬಟ್ಟೆಯದಕ್ಕೂ ಹಿಟ್ಟಿನದಕ್ಕೂ ಗಿರಣಿ ಎಂದೇ ಹೇಳುತ್ತಾರೆ. ದಾವಣಗೆರೆಯಲ್ಲಿ ಗಿರಣಿ ಎಂದರೆ ಹಿಟ್ಟಿನದು. ಬಟ್ಟೆಯದು ಮಿಲ್ಲು. ‘ಅವರಪ್ಪ ಮಿಲ್ಲಲ್ಲಿದ್ರು’ ಎಂದರೆ ಸಾಕು, ಯಾವ ಮಿಲ್ಲು ಎಂದು ಕೇಳುವವರು ಕೇಳುತ್ತಾರೆ, ಏನು ಮಿಲ್ಲು ಎಂದು ಯಾರೂ ಕೇಳುವುದಿಲ್ಲ.

ಒಳಗಿನ ಕೆಲಸ ಹೀಗೆ. ಅಂಡಿಗೆ ಬಿಚ್ಚಿ ಬ್ಲೋ ರೂಮಿನಲ್ಲಿ ಅರಳೆಯನ್ನು ಹೊಡೆದು ಸಡಿಲಿಸಿ ಕಸ ತೆಗೆಯುತ್ತಾರೆ. ಕಾರ್ಡಿಂಗ್‌ನಲ್ಲಿ ಎಳೆಗಳನ್ನು ಬಾಚಿ ಬೆರಳು ದಪ್ಪದ ಮೆತ್ತನೆ ಹಗ್ಗ ಮಾಡುತ್ತಾರೆ. ಅದನ್ನು ಹಿಗ್ಗಿಸಿ, ಹಿಗ್ಗಿಸಿ, ಕೊನೆಗೆ ರಿಂಗ್ ಫ್ರೇಮಿನಲ್ಲಿ ತಿರುಚಿದರೆ ನೂಲು. ನೂರಾರು ಕದಿರುಗಳು ಎರಡು ಸಾಲಾಗಿ ಏಕಕಾಲಕ್ಕೆ ತಿರುಗುವ ಉದ್ದನೆ ಯಂತ್ರ ಅದು. ಅದರ ಮುಂದೆ ಇರುವ ಕೆಲಸಗಾರ ಕೂರುವಂತಿಲ್ಲ. ಎಲ್ಲಿ ಎಳೆ ಹರಿಯಿತೋ ಅಲ್ಲಿಗೆ ಹೋಗಿ, ತಿರುಗುತ್ತಿರುವ ಕದಿರನ್ನು ಹಿಡಿದು ನಿಲ್ಲಿಸಿ, ನೂಲಿನ ತುದಿ ಹುಡುಕಿ, ಮೇಲಿಂದ ಬರುವ ಅರಳೆಗೆ ತಾಗಿಸಿ ಬಿಡಬೇಕು. ಗಂಟಿಲ್ಲ. ಬೆರಳು ಬಿಡುವ ಹೊತ್ತಿಗೆ ಎಳೆ ತಾನೇ ಬೆಸೆದುಕೊಂಡಿರುತ್ತದೆ. ಒಂದು ಸೆಕೆಂಡು, ಎರಡು ಸೆಕೆಂಡಿನ ಕೈಚಳಕ; ಪಾಳಿಯೊಂದರಲ್ಲಿ ಲೆಕ್ಕವಿಲ್ಲದಷ್ಟು ಬಾರಿ. ಕದಿರು ತುಂಬಿದರೆ ಡಾಫರ್‌ಗಳು ಬಂದು ಬಿಚ್ಚಿ ಖಾಲಿಯದನ್ನು ಹಾಕುತ್ತಾರೆ. ನಡೆದೂ ನಡೆದೂ ಒಬ್ಬೊಬ್ಬ ಕೆಲಸಗಾರ ದಿನಕ್ಕೆ ಎಷ್ಟೋ ಮೈಲಿ ಸವೆಸುತ್ತಿದ್ದ, ಅದೂ ಒಂದೇ ಓಣಿಯಲ್ಲಿ.

ಮೂರು ಪಾಳಿ. ಕಾಯಂ ನೌಕರನೊಬ್ಬ ಬರದಿದ್ದರೆ ಆ ಜಾಗಕ್ಕೆ ಗೇಟಿನ ಹೊರಗೆ ಕಾದಿರುವ ಬದಲಿ. ಬದಲಿಯಾಗಿಯೇ ವರ್ಷಗಳನ್ನು ಕಳೆದವರು ಎಲ್ಲ ಮಿಲ್ಲೂರುಗಳಲ್ಲೂ ಇದ್ದರು. ಒಳಗೆ ತೇವ, ಸದ್ದು, ತಲೆಗೂದಲ ಮೇಲೆಲ್ಲ ಬಿಳಿ ಪುಡಿ. ಹತ್ತಿ ಧೂಳಿನಿಂದ ಬರುವ ಶ್ವಾಸದ ಕಾಯಿಲೆಗೆ ವೈದ್ಯರ ಭಾಷೆಯಲ್ಲಿ ಬಿಸಿನೋಸಿಸ್ ಎಂದು ಹೆಸರು. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಗಣಿಯವನಿಗೆ ಕಲ್ಲಿನ ಧೂಳು, ಮಿಲ್ಲಿನವನಿಗೆ ಅರಳೆ ಧೂಳು. ಮೆತ್ತಗಿದ್ದ ಮಾತ್ರಕ್ಕೆ ಅರಳೆ ಸಾಧುವೇನಲ್ಲ.

ಇಂಥ ಊರಿನಲ್ಲಿ ಕೆಂಬಾವುಟ ಹಾರದಿದ್ದರೇ ಆಶ್ಚರ್ಯ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಮಿಲ್ ಕಾರ್ಮಿಕರ ನಡುವಿನಿಂದಲೇ ಬೆಳೆದು ನಗರಸಭೆಯ ಅಧ್ಯಕ್ಷರಾದರು, ಶಾಸಕರೂ ಆದರು. ವರ್ತಕರ ಪೇಟೆಯಿಂದ ಸಿಪಿಐ ಶಾಸಕ ಗೆದ್ದುಬರುವುದು ಕರ್ನಾಟಕದ ರಾಜಕಾರಣದಲ್ಲಿ ದಿನವೂ ನಡೆಯುವ ಸಂಗತಿಯಲ್ಲ. ಇವತ್ತಿಗೂ ಊರಿನಲ್ಲಿ ಅವರ ಹೆಸರಿನ ಹಿಂದೆ ‘ಕಾಮ್ರೇಡ್’ ಇಲ್ಲದೆ ಹೇಳುವವರು ಕಡಿಮೆ.

ಮಿಲ್ಲು, ಮಂಡಿಗಳಿಂದ ಬಂದ ದುಡ್ಡು ಊರಿಗೆ ಏನೂ ಕೊಡಲಿಲ್ಲ ಎಂದರೆ ಅನ್ಯಾಯವಾದೀತು. ರಾಜನಹಳ್ಳಿ ಮನೆತನದ ಛತ್ರ, ಕಾಲೇಜು, ಚಿಗಟೇರಿ ಹೆಸರಿನ ಆಸ್ಪತ್ರೆ, 1958ರ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆಜೆಎಂ ಮೆಡಿಕಲ್ ಕಾಲೇಜು, ಇವೆಲ್ಲ ವರ್ತಕರು, ಮಠ ಮತ್ತು ಊರಿನ ಪ್ರಮುಖರು ಕೈಜೋಡಿಸಿದ ಕಾಲದ ಫಲ. ಮಿಲ್ಲಿನೂರು ಕಾಲೇಜಿನೂರಾಗಿದ್ದು ಹೀಗೆ. ಒಂದು ಮಾತ್ರ ಗಮನಿಸಬೇಕು: ಕಲ್ಲಿನ ಮೇಲೆ ಕೆತ್ತಿದ್ದು ದಾನಿಗಳ ಹೆಸರು. ಎಳೆ ಬೆಸೆದವರ ಹೆಸರು ಬರೆದಿದ್ದ ಮಸ್ಟರ್ ರೋಲ್ ಎಲ್ಲಿ ಹೋಯಿತೋ.

ಇಳಿಜಾರು ಒಂದೇ ಕಾರಣದಿಂದ ಬರಲಿಲ್ಲ. 1960ರ ದಶಕದಲ್ಲಿ ಭದ್ರಾ ಕಾಲುವೆಯ ನೀರು ಬಂದಿತು. ಹತ್ತಿ, ಜೋಳ ಬೆಳೆಯುತ್ತಿದ್ದ ಬಯಲಿಗೆ ಭತ್ತ, ಕಬ್ಬು ಇಳಿದವು. ರೈತನ ಕೈಗೆ ಕಾಸು ಸೇರಿತು, ಮಿಲ್ಲಿನ ಬಾಗಿಲಿಗೆ ಅರಳೆ ದೂರವಾಯಿತು. ಭತ್ತದ ಬೆನ್ನಿಗೆ ಅಕ್ಕಿ ಮಿಲ್ಲು, ಮಂಡಕ್ಕಿ ಭಟ್ಟಿ. ಇತ್ತ ದೇಶದ ತುಂಬ ಪವರ್‌ಲೂಮುಗಳು ಮಿಲ್ ಬಟ್ಟೆಯ ಬೆಲೆ ಮುರಿದವು. ಹಳೇ ಯಂತ್ರಕ್ಕೆ ಹೊಸ ಬಂಡವಾಳ ಹಾಕುವವರಿರಲಿಲ್ಲ. 1974ರಲ್ಲಿ ಕೇಂದ್ರ ಸರ್ಕಾರ ಸೊರಗಿದ ನೂರಕ್ಕೂ ಹೆಚ್ಚು ಮಿಲ್ಲುಗಳನ್ನು ರಾಷ್ಟ್ರೀಕರಣ ಮಾಡಿದಾಗ ಆ ಪಟ್ಟಿಯಲ್ಲಿ ತೋಳಹುಣಸೆಯ ಯಲ್ಲಮ್ಮ ಮಿಲ್ಲೂ ಇತ್ತು. ಸರ್ಕಾರದ ಕೈಗೆ ಹೋದರೂ ಉಸಿರು ಮಾತ್ರ ಬಂತು, ಆಯುಸ್ಸು ಬರಲಿಲ್ಲ. ಒಂದೊಂದಾಗಿ ಸೈರನ್‌ಗಳು ನಿಂತವು.

ಹರಿಹರದಲ್ಲಿ ಕಥೆ ಕಬ್ಬಿಣದ್ದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭಿಸಿತು. ಮಹಾಯುದ್ಧದ ಕಾಲ, ಹೊರಗಿನಿಂದ ಯಂತ್ರ ಬರುವುದು ಕಷ್ಟ, ಒಳಗೆ ಬೇಡಿಕೆ ವಿಪರೀತ. ಕಾರ್ಖಾನೆ ಮಾಡಿದ್ದು ಲೇತ್, ಅಂದರೆ ಯಂತ್ರ ಮಾಡುವ ಯಂತ್ರ. ಎರಕದ ಹಾಸಿನ ಮೇಲೆ ಒಂದು ಕಡೆ ತಿರುಗುವ ಚಕ್, ಇನ್ನೊಂದು ಕಡೆ ಸರಿಯುವ ಉಳಿ. ಕಬ್ಬಿಣದ ಸರಳನ್ನು ಕಚ್ಚಿಸಿ ತಿರುಗಿಸಿದರೆ ಉಳಿ ತಾಗಿದಲ್ಲೆಲ್ಲ ಸುರುಳಿ ಸುರುಳಿ ಚೂರು ಏಳುತ್ತದೆ, ನೀಲಿಗಟ್ಟಿದ ಬಿಸಿ ಚೂರು. ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪುಗಳಲ್ಲಿ ದೇಶದ ಎಷ್ಟೋ ಹುಡುಗರು ಮೊದಲು ಕೈ ಹಾಕಿದ್ದು ಈ ಲೇತಿಗೆ. ಹರಿಹರ ಎಂಬ ಹೆಸರನ್ನು ಹರಿಹರೇಶ್ವರನಿಗಿಂತ ದೂರ ಕೊಂಡೊಯ್ದದ್ದು ಅದರ ಮೇಲಿನ ಪುಟ್ಟ ಲೋಹದ ಪಟ್ಟಿ. ಹೊಸ ಶತಮಾನ ಕಾಲಿಡುವ ಹೊತ್ತಿಗೆ ಆ ಕಾರ್ಖಾನೆಯೂ ನಿಂತಿತು. ಹೆಚ್ಚುಕಡಿಮೆ ಕೆಜಿಎಫ್ ಮುಚ್ಚಿದ ಕಾಲದಲ್ಲೇ. ಹೊಳೆಯಾಚೆ ಕುಮಾರಪಟ್ಟಣದಲ್ಲಿ 1972ರಿಂದ ನೀಲಗಿರಿ ಮರ ಅರೆದು ರೇಯಾನ್ ತಿರುಳು ಮಾಡುವ ಪಾಲಿಫೈಬರ್ಸ್ ಉಳಿಯಿತು. ತುಂಗಭದ್ರೆಯ ನೀರಿನ ಸಲುವಾಗಿ ಅದರ ಸುತ್ತ ನಡೆದ ಹೋರಾಟ ಪ್ರತ್ಯೇಕ ಲೇಖನಕ್ಕೇ ಆಗುವಷ್ಟಿದೆ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಮಿಲ್ಲಿನ ನೆನಪು ಮುದುಕರ ಬಾಯಲ್ಲಿ. ದಾವಣಗೆರೆಗೂ ಇದೇ ಗತಿ ಎಂದುಕೊಳ್ಳಬೇಕಿಲ್ಲ. ನೆನಪಿಡುವ ಕೆಲಸವನ್ನು ಮ್ಯೂಸಿಯಮ್ಮಿಗೇ ವಹಿಸಬೇಕಾಗಿಯೂ ಇಲ್ಲ. ಮ್ಯೂಸಿಯಂ ಎಂದರೆ ಒಮ್ಮೆ ನೋಡಿ ಬರುವ ಜಾಗ. ಗ್ರಂಥಾಲಯಕ್ಕೆ ಜನ ದಿನವೂ ಬರುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಊರಿನವರು ಕಟ್ಟುತ್ತಲೇ ಇದ್ದಾರೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎನ್ನುವುದು. ಬೆಳೆಯುವ ಜೀವಿಗೆ ಒಂದಲ್ಲ ಒಂದು ದಿನ ಹೊಸ ಕೋಣೆ ಬೇಕೇ ಬೇಕು. ದಾವಣಗೆರೆಯ ಆ ಕೋಣೆ ಹೇಗಿರಬೇಕು ಎಂಬುದಕ್ಕೆ ಮಿಲ್ಲಿನಲ್ಲೇ ನಕ್ಷೆ ಇದೆ.

ಹೊರಗಿನ ಉದಾಹರಣೆಯೂ ಉಂಟು. ನೆದರ್ಲೆಂಡ್ಸಿನ ಟಿಲ್‌ಬರ್ಗ್ ದಾವಣಗೆರೆಯಂಥದೇ ಬಟ್ಟೆಯೂರು, ಅಲ್ಲಿಯದು ಉಣ್ಣೆ. ಅಲ್ಲಿನ ಹಳೇ ರೈಲು ಎಂಜಿನ್ ಶೆಡ್ಡು 2019ರಲ್ಲಿ ಸಾರ್ವಜನಿಕ ಗ್ರಂಥಾಲಯವಾಯಿತು. ಒಳಗಿನ ದೊಡ್ಡ ಬಯಲನ್ನು ವಿಂಗಡಿಸಲು ಗೋಡೆ ಎಬ್ಬಿಸಲಿಲ್ಲ. ಊರಿನ ಜವಳಿ ಮ್ಯೂಸಿಯಮ್ಮಿನ ಜೊತೆ ಸೇರಿ ಮಾಡಿದ ಭಾರೀ ಪರದೆಗಳನ್ನು ಇಳಿಬಿಟ್ಟರು. ಊರಿನ ಕಸುಬು ಗಾಜಿನ ಪೆಟ್ಟಿಗೆಯಲ್ಲಿ ಕೂರಲಿಲ್ಲ, ಪರದೆಯಾಗಿ ಕೆಲಸಕ್ಕೆ ಬಂತು.

ದಾವಣಗೆರೆಯಲ್ಲಿ ಕೆಲಸಕ್ಕೆ ಬರುವುದು ಛಾವಣಿ. ಮಿಲ್ ಶೆಡ್ಡುಗಳ ಚಹರೆಯೇ ಅದು, ಗರಗಸದ ಹಲ್ಲಿನ ಹಾಗೆ ಸಾಲು ಸಾಲು. ಪ್ರತಿ ಹಲ್ಲಿನ ಒಂದು ಮಗ್ಗುಲು ಇಳಿಜಾರು ಶೀಟು, ಇನ್ನೊಂದು ನೆಟ್ಟಗಿನ ಗಾಜು. ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ, ನೇರ ಬಿಸಿಲು ಬೀಳದೆ ಬೆಳಕು ಮಾತ್ರ ಇಳಿಯಲಿ ಎಂದು. ಹರಿದ ಎಳೆ ಕಾಣುವುದಕ್ಕೆ ನೆರಳಿಲ್ಲದ, ಕಣ್ಣು ಕುಕ್ಕದ ಬೆಳಕು ಬೇಕು. ಓದುವವನಿಗೆ ಬೇಕಾದ್ದೂ ಅದೇ ಅಲ್ಲವೇ? ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ನೂಲುವವರಿಗಾಗಿ ರೂಢಿಯಾದ ಛಾವಣಿ ಓದುವ ಕೋಣೆಗೆ ಹೇಳಿ ಮಾಡಿಸಿದಂತಿದೆ.

ಆದರೆ ಕಣ್ಣು ಮುಚ್ಚಿ ನಕಲು ಮಾಡಿದರೆ ಕೆಡುತ್ತದೆ. ಲ್ಯಾಂಕಶೈರಿನಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ. ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದ ದಾವಣಗೆರೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಮುಂಗಾರಿನ ಮೋಡ ಬಂದಮೇಲೆ ಚಿಂತೆಯಿಲ್ಲ, ಮೇ ತಿಂಗಳು ಮಾತ್ರ ಗಾಜಿನ ಮೇಲೆ ಒಂದು ಅಗಲವಾದ ಸೂರು ಚಾಚಿರಲೇಬೇಕು. ಇನ್ನೊಂದು ತೊಡಕು ಮಳೆ. ಎರಡು ಹಲ್ಲುಗಳ ನಡುವಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ನೀರು ಒಳಗೆ ಸೋರುವುದು ಇಂಥ ಛಾವಣಿಗಳ ಹುಟ್ಟುಗುಣ. ಆದ್ದರಿಂದ ದೋಣಿಯ ಕೆಳಗೆ ಓಡಾಡುವ ದಾರಿ, ಪುಸ್ತಕದ ಕಪಾಟು ಅದರಿಂದ ಸರಿದು. ನೂಲು ಹರಿಯದಿರಲಿ ಎಂದು ಮಿಲ್ಲಿನೊಳಗೆ ನೀರಿನ ತುಂತುರು ಬಿಡುತ್ತಿದ್ದರು. ಕಾಗದಕ್ಕೆ ಅದೇ ತೇವ ಶಿಲೀಂಧ್ರ. ಕಟ್ಟಡ ಮಿಲ್ಲಿನದಾದರೂ ಗಾಳಿ ಬೇರೆಯದಾಗಬೇಕು.

ಕಪಾಟಿನಲ್ಲಿ ಇಡುವುದಕ್ಕೆ ಸಾಮಗ್ರಿಗೆ ಬರವೇನಿಲ್ಲ, ಹುಡುಕುವ ಕಾಲು ಬೇಕು. ದಲಾಲಿ ಅಂಗಡಿಗಳ ಖಾತೆ-ಕಿರ್ದಿ, ಉದ್ದನೆ ಕೆಂಪು ಬಟ್ಟೆಯ ಪುಸ್ತಕಗಳು. ಸಂಬಳದ ಚೀಟಿ, ಗೇಟ್ ಪಾಸು, ಪಿಎಫ್ ಕಾಗದ, ಯೂನಿಯನ್ನಿನ ಕರಪತ್ರ. ಕಿರ್ಲೋಸ್ಕರ್ ಲೇತಿನ ಬಿಡಿಭಾಗಗಳ ಕೈಪಿಡಿ. ಇವು ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಇರುವಂಥವು. ಮನೆ ಸುಣ್ಣ ಹೊಡೆಸಿದಾಗಲೊಮ್ಮೆ ಒಂದಿಷ್ಟು ಒಲೆಗೆ ಹೋಗುತ್ತವೆ. ಅದಕ್ಕಿಂತ ಬೇಗ ಹೋಗುವುದು ಮಾತು. ರಿಂಗ್ ಫ್ರೇಮ್ ಮುಂದೆ ನಿಂತವರಿಗೆ, ನೂಲು ಸುತ್ತುತ್ತಿದ್ದ ಹೆಂಗಸರಿಗೆ ಈಗ ಎಪ್ಪತ್ತು, ಎಂಬತ್ತು. ರೆಕಾರ್ಡ್ ಮಾಡಿಕೊಳ್ಳುವುದಿದ್ದರೆ ಟೆಂಡರ್ ಕರೆದು ಕಟ್ಟಡ ಏಳುವವರೆಗೆ ಕಾಯುವ ಹಾಗಿಲ್ಲ.

ಜಾಗದ ಮಾತು ಬಂದರೆ ತೋಳಹುಣಸೆಯನ್ನು ಮರೆಯಬಾರದು. 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಇರುವುದು ಯಲ್ಲಮ್ಮ ಮಿಲ್ಲು ಇದ್ದ ಊರಿನಲ್ಲೇ. ಚರಿತ್ರೆ, ಅರ್ಥಶಾಸ್ತ್ರ ಓದುವ ಮಕ್ಕಳಿಗೆ ಕ್ಷೇತ್ರಕಾರ್ಯಕ್ಕೆ ಬಸ್ಸು ಹತ್ತುವ ಅಗತ್ಯವೇ ಇಲ್ಲ.

ಹರಿಹರದ ಪಾಲಿಗೆ ಆ ಕೋಣೆಯ ಬಾಗಿಲಲ್ಲಿ ಒಂದು ಲೇತ್ ನಿಲ್ಲಿಸಬೇಕು, ಹಗ್ಗ ಕಟ್ಟದೆ, ಮಕ್ಕಳು ಚಕ್ ತಿರುಗಿಸಿ ನೋಡುವಂತೆ. ಇಲ್ಲೊಂದು ಫಜೀತಿಯಿದೆ. ಮಿಲ್ಲಿನ ಕದಿರುಗಳೆಲ್ಲ ಗುಜರಿ ಸೇರಿದವು. ಕಿರ್ಲೋಸ್ಕರ್ ಲೇತುಗಳು ಹಾಗೆ ಸೇರಿಲ್ಲ. ಕಾರ್ಖಾನೆ ನಿಂತು ಎರಡು ದಶಕ ದಾಟಿದರೂ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ಮಾಡುವ ಸಣ್ಣ ವರ್ಕ್‌ಶಾಪುಗಳಲ್ಲಿ ಎಣ್ಣೆ ಜಿಡ್ಡು ಹತ್ತಿ ಕಪ್ಪಾದ ಅದೇ ಹಾಸಿನ ಮೇಲೆ ದಿನವೂ ಕೆಲಸ ನಡೆಯುತ್ತಿದೆ. ಗ್ರಂಥಾಲಯಕ್ಕೊಂದು ಕೊಡಿ ಎಂದು ಹೋದರೆ ಮಾಲೀಕರು ಮೊದಲು ಕೇಳುವುದು ಇಷ್ಟೇ: ‘ಕೊಡಾಣ ಸರ್, ನಾಳೆಯಿಂದ ಶಾಫ್ಟು ಯಾತರಾಗ ತಿರುಗಿಸ್ಲಿ?’